ಎಚ್‌ಡಿ ಕ್ಯಾಮೆರಾಕ್ಕೆ ಸಿಕ್ಕ ಸೋದರಮಾವ

ಒಂದು ಕಾಲದಲ್ಲಿ ನನ್ನ ಹೊಟ್ಟೆಕಿಚ್ಚು ಕಣ್ಣಿಗೆ ಕಾಣುವಂತಿತ್ತು. ಕಪ್ಪು ಬಣ್ಣ, ತಂಬಿಗೆಯಷ್ಟು ಗಾತ್ರ. ಬಸವಕಲ್ಯಾಣದಲ್ಲಿ ಸ್ಟುಡಿಯೊ ಇಟ್ಟಿದ್ದ ಒಬ್ಬ ತರುಣ ಹೈದರಾಬಾದಿಗೆ ಹೋಗಿ ತಂದ ಎಚ್‌ಡಿ ಕ್ಯಾಮೆರಾ ಅದು. ಎರಡು ಸಾವಿರದ ಏಳೋ ಎಂಟೋ ಇರಬೇಕು.

ಅಲ್ಲಿಯವರೆಗೆ ನಮ್ಮ ಕಡೆಯ ಮದುವೆಗಳೆಲ್ಲ ನನ್ನವೇ ಎಂಬ ಸೊಕ್ಕು ನನಗಿತ್ತು. ಅಂಗಡಿ ಹುಮನಾಬಾದಿನಲ್ಲಿ. ತೊಂಬತ್ತರ ದಶಕದಲ್ಲಿ ಹೆಗಲ ಮೇಲೆ ಹೊರುವ ಕ್ಯಾಮೆರಾದಿಂದ ಶುರುಮಾಡಿ, ಮಂಠಾಳದಿಂದ ಮನ್ನಾಏಖೇಳ್ಳಿಯವರೆಗೆ ಎಷ್ಟು ಜನ ತಾಳಿ ಕಟ್ಟುವುದನ್ನು ಹಿಡಿದಿದ್ದೆನೋ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹಾಡು ಕೂಡಿಸುವ ಕೆಲಸಕ್ಕೆ ನಮ್ಮಲ್ಲಿ ಮಿಕ್ಸಿಂಗ್ ಎನ್ನುತ್ತಾರೆ. ಅದನ್ನೂ ನಾನೇ ಮಾಡುತ್ತಿದ್ದೆ. ಆ ತರುಣ ಕೂಡ ತನ್ನ ಕ್ಯಾಸೆಟ್ಟುಗಳನ್ನು ಮಿಕ್ಸಿಂಗಿಗೆ ನನ್ನ ಹತ್ತಿರವೇ ತರುತ್ತಿದ್ದ. ಆಗೆಲ್ಲ ಅವನು ನನಗೆ ಬಹಳ ಒಳ್ಳೆಯವನಾಗಿ ಕಾಣುತ್ತಿದ್ದ.

ಹೊಸ ಕ್ಯಾಮೆರಾ ಬಂದದ್ದೇ ತಡ, ಊರ ತುಂಬ ಅದೇ ಮಾತು. ಅವನ ವಿಡಿಯೊದಲ್ಲಿ ಸೀರೆಯ ಜರಿ ಎಳೆಎಳೆಯಾಗಿ ಕಾಣುತ್ತದಂತೆ, ಮದುಮಗನ ಹಣೆಯ ಬೆವರೂ ಕಾಣುತ್ತದಂತೆ. ಬೆವರು ನೋಡಿ ಏನು ಮಾಡುತ್ತೀರಿ ಎಂದು ಮೂಗು ಮುರಿಯುತ್ತಿದ್ದೆ. ಅಂಗಡಿಗೆ ಬಂದು ನನ್ನ ಹಳೆಯ ಕ್ಯಾಮೆರಾದ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದೆ.

ಅಷ್ಟರಲ್ಲಿ ಅಕ್ಕನ ಮಗಳ ಮದುವೆ ಗೊತ್ತಾಯಿತು. ಬಸವಕಲ್ಯಾಣದಲ್ಲೇ ಮದುವೆ. ಹುಡುಗಿ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜು ಓದಿದವಳು, ಸಂಜೆಗೊಮ್ಮೆ ಅಂಗಡಿಗೆ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರದೆ ಮನೆಗೆ ಹೋಗುತ್ತಿರಲಿಲ್ಲ. ಅವಳ ಮದುವೆಯನ್ನು ಹೇಗೆ ಹಿಡಿಯಬೇಕು ಎಂದು ನಾನು ಮನಸ್ಸಿನಲ್ಲೇ ಎಷ್ಟೋ ಸಲ ಹಿಡಿದು ಮುಗಿಸಿದ್ದೆ. ಅಕ್ಕ ಒಂದೇ ಮಾತಿನಲ್ಲಿ ಅದಕ್ಕೆ ಎಳ್ಳುನೀರು ಬಿಟ್ಟಳು.

"ನೀ ಈ ಸಲ ಕ್ಯಾಮೆರಾ ಮುಟ್ಟಬ್ಯಾಡಪ್ಪಾ. ಸೋದರಮಾವ ಇದ್ದಿ, ಹುಡುಗಿ ಬೆನ್ನಿಗೆ ನಿಂದ್ರು ಸಾಕು. ವಿಡಿಯೊಕ್ಕ ಇಲ್ಲೀ ಸ್ಟುಡಿಯೊ ಹುಡುಗಗ ಹೇಳೀವಿ."

ಅಂತರಪಟ ಹಿಡಿದಾಗ ಸೋದರಮಾವ ಮದುಮಗಳ ಹಿಂದೆ ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಮಗಳು ನನ್ನ ಮೇಲೆ ಇಟ್ಟ ಪ್ರೀತಿಗೆ ಅಕ್ಕ ಹಾಗೆ ಹೇಳಿದ್ದಳು. ನನಗೆ ಮಾತ್ರ ಕೊನೆಯ ಮಾತೊಂದೇ ಕೇಳಿಸಿತು. ನಾನೂ ಅಲ್ಲೇ ನಿಂತಿದ್ದೆ; ಮದುವೆ ಚೆನ್ನಾಗಿಯೇ ಆಯಿತಂತೆ, ಊಟವೂ ಚೆನ್ನಾಗಿತ್ತಂತೆ.

ಮದುವೆಯಾದ ಮೇಲೆ ಆ ತರುಣ ಕ್ಯಾಮೆರಾ, ಕ್ಯಾಸೆಟ್ಟುಗಳನ್ನು ಹಿಡಿದು ನನ್ನ ಅಂಗಡಿಗೆ ಬಂದ. ಅವನ ಕಂಪ್ಯೂಟರಿಗೆ ಎಚ್‌ಡಿ ಇಳಿಸುವ ತಾಕತ್ತಿರಲಿಲ್ಲ. "ಜರಾ ನೀವೇ ನೋಡ್ರಿ ಅಣ್ಣಾ, ನಂದು ನಡುವ ನಿಂತುಬಿಡಾಕತ್ತದ" ಎಂದ. ನನಗೆ ಒಳಗೇ ಖುಷಿಯಾಯಿತು. ಹಾಡು ಆರಿಸಲು ಅಕ್ಕನ ಮಗಳೂ ಬಂದಿದ್ದಳು, ಹಸಿರು ಬಳೆ ತೊಟ್ಟು, ಅದೇ ಸ್ಟೂಲಿನಲ್ಲಿ ಕೂತಿದ್ದಳು.

ವೈರ್ ಜೋಡಿಸಿ ಸಾಫ್ಟ್‌ವೇರ್ ತೆರೆದೆ. ಕ್ಯಾಸೆಟ್ ತಿರುಗಿತು, ಚಿತ್ರ ಬಂತು. ಬಂದದ್ದು ನನ್ನ ಕ್ಯಾಮೆರಾದಂಥದೇ ಮಸುಕು ಚಿತ್ರ. ಮೇಲಾಗಿ ಎರಡೂ ಕಡೆಯಿಂದ ಒತ್ತಿದಂತಾಗಿ ಎಲ್ಲರ ಮುಖ ಸೌತೆಕಾಯಿಯಷ್ಟು ಉದ್ದ. ನಾನು ಕುರ್ಚಿಗೆ ಒರಗಿ ಕೂತೆ. ಆ ಗಳಿಗೆಯ ಸುಖ ಈಗಲೂ ನೆನಪಿದೆ.

"ಇದರಾಗ ಹೊಸಾದು ಏನದನೋ?" ಎಂದೆ. "ಇದಕ್ಕ ಹೈದರಾಬಾದ್ ತನಕ ಹೋಗಿದ್ಯಾ?"

ಅವನ ಮುಖ ಸಣ್ಣದಾಯಿತು. ಹೊರಗೆ ಹೋಗಿ ಮಾರಿದವರಿಗೆ ಫೋನ್ ಮಾಡಿ ಬಂದು, ಕ್ಯಾಮೆರಾದ ಮೆನುವಿನಲ್ಲಿ ಹುಡುಕತೊಡಗಿದ. ಅದು ವೈರಿನ ಮೂಲಕ ಎಚ್‌ಡಿಯನ್ನು ಸಾದಾ ವಿಡಿಯೊ ಮಾಡಿ ಕಳಿಸುತ್ತಿತ್ತಂತೆ. ಅದನ್ನು ಬದಲಿಸಿ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ.

ಈ ಸಲ ಪರದೆ ಅಗಲವಾಯಿತು, ಮುಖಗಳು ತಮ್ಮ ಅಳತೆಗೆ ಬಂದವು. ಊರವರು ಹೇಳಿದ್ದು ಖರೆ ಇತ್ತು. ಜರಿ ಎಳೆಎಳೆಯಾಗಿತ್ತು. ಅಂತರಪಟದ ಬಟ್ಟೆಯ ನೂಲು ಕೂಡ ಎಣಿಸಬಹುದಿತ್ತು. ಮದುಮಗಳ ಹಿಂದೆ ಒಬ್ಬ ಮನುಷ್ಯ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ನಿಂತಿದ್ದ. ಯಾರಿವನು ಎಂದುಕೊಂಡೆ. ನಾನೇ. ಅಷ್ಟು ವರ್ಷ ಕ್ಯಾಮೆರಾದ ಹಿಂದೆಯೇ ಇದ್ದವನು, ಮದುವೆ ವಿಡಿಯೊದಲ್ಲಿ ನನ್ನ ಮುಖ ನಾನು ನೋಡಿಯೇ ಇರಲಿಲ್ಲ.

ಕ್ಯಾಸೆಟ್ ಎಷ್ಟು ಹೊತ್ತಿನದೋ ಇಳಿಸಲು ಅಷ್ಟೇ ಹೊತ್ತು ಬೇಕು. ಮುಂದಕ್ಕೆ ಓಡಿಸುವಂತಿಲ್ಲ, ಕೂತು ನೋಡಲೇಬೇಕು. ಅಂತರಪಟ ಸರಿಯಿತು, ಅಕ್ಷತೆ ಬಿತ್ತು. ಎಲ್ಲರೂ ವರನ ಕಡೆ ನೋಡುತ್ತಿರುವಾಗ ಮದುಮಗಳು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದಳು. ಸುಮ್ಮನೆ ನೋಡಿ ಬಿಡಲಿಲ್ಲ, ಕಾದಳು. ನಾನು ದಿಟ್ಟಿಸುತ್ತಿದ್ದದ್ದು ಆ ಕಪ್ಪು ಕ್ಯಾಮೆರಾವನ್ನು. ಅವಳು ಮತ್ತೆ ಮುಂದಕ್ಕೆ ತಿರುಗಿದಳು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಾಳು ಮೆನು ಸಿಗದೇ ಹೋಗಿದ್ದರೆ ಆ ಉದ್ದ ಮಸುಕು ಮುಖಗಳಲ್ಲಿ ನನ್ನದೂ ಒಂದಾಗಿ ಉಳಿಯುತ್ತಿತ್ತು.

"ಮಾಮಾ, ನಾ ಹೊಳ್ಳಿ ನೋಡೀನಿ, ನೀವು ನೋಡೇ ಇಲ್ಲಲ್ರಿ" ಎಂದಳು ಅವಳು. ಪರದೆಯ ಹತ್ತಿರಕ್ಕೆ ಬಗ್ಗಿದಳು. "ಕಣ್ಣು ಕೆಂಪಗಾಗ್ಯಾವ ನೋಡ್ರಿ. ಅಳಾಕತ್ತೀರಂತ ನನಗ ಗೊತ್ತಾಗಬಾರದಂತ ಆ ಕಡೆ ಮಾರಿ ಮಾಡೀರಿ, ಹೌದಲ್ರಿ?"

ನನ್ನ ಕಣ್ಣು ಎಲ್ಲಿತ್ತು, ಅದರಲ್ಲಿ ಏನಿತ್ತು ಎಂದು ನನ್ನ ಬಿಟ್ಟರೆ ಬಲ್ಲವನು ಜಗತ್ತಿನಲ್ಲಿ ಒಬ್ಬನೇ. ಆ ಹೊತ್ತಿಗೆ ಅತ್ತ ಕಡೆಯಿಂದ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದವನು. ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ:

"ಹೌದವ್ವಾ. ಕಣ್ಣಾಗ ನೀರು ತುಂಬಿದ್ವು. ನಾ ಕ್ಯಾಮೆರಾದಾಗ ನೋಡೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಜಾಗಕ್ಕೊಂದು ನಿಧಾನದ ಹಾಡು ಹಾಕಿರೆಂದಳು. ಹಾಕಿದೆ.

ಅವನು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಕ್ಯಾಮೆರಾದ ಹೊಟ್ಟೆಕಿಚ್ಚು ದೊಡ್ಡದಲ್ಲ, ಮುಂದೆ ನಾನೂ ಅಂಥದೊಂದನ್ನು ಕೊಂಡೆ, ತಣ್ಣಗಾಯಿತು. ಇದು ತಣ್ಣಗಾಗಲಿಲ್ಲ. ಅವನ ಜಾಗದಲ್ಲಿ ನಾನಿದ್ದು, ನನ್ನ ಜಾಗದಲ್ಲಿ ಅವನಿದ್ದಿದ್ದರೆ, ಆ ಸುಳ್ಳು ನನ್ನ ಬಾಯಿಂದ ಬರುತ್ತಿರಲಿಲ್ಲ. ಅದನ್ನು ನೆನೆದರೆ ಅವನ ಮೇಲೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಕ್ಕನ ಮಗಳು ಊರಿಗೆ ಬಂದಾಗಲೆಲ್ಲ ಆ ಡಿಸ್ಕ್ ಹಾಕುತ್ತಾಳೆ. ಆ ಹಾಡು ಶುರುವಾದ ಕೂಡಲೇ ನಾನೆದ್ದು ಅಂಗಳಕ್ಕೆ ಹೋಗುತ್ತೇನೆ. ಒಳಗೆ ಅವಳು ಮಕ್ಕಳಿಗೆ ಹೇಳುವುದು ಕೇಳಿಸುತ್ತದೆ.

"ನೋಡ್ರಿ, ಅಜ್ಜಗ ಮತ್ತ ಅಳು ಬಂತು."