ಹೊಳೆಗೆ ಬಿಟ್ಟ ಅರ್ಧ ರೊಟ್ಟಿ

ಮೊನ್ನೆ ಅಡುಗೆಯ ನಡುವೆಯೇ ಸಿಲಿಂಡರ್ ಖಾಲಿಯಾಯಿತು. ಅಟ್ಟದ ಮೇಲಿದ್ದ ಹಳೆಯ ಕರೆಂಟಿನ ಒಲೆ ಇಳಿಸಿ, ಧೂಳು ಒರೆಸಿ ಹಚ್ಚಿದೆ. ಕೆಂಪಗೆ ಕಾದ ಸುರುಳಿ ತಂತಿಯ ಮೇಲೆ ಜೋಳದ ಹಿಟ್ಟು ಉದುರಿ ಸೀದ ವಾಸನೆ ಬಂತು ನೋಡಿ... ರೊಟ್ಟಿ ತಟ್ಟುತ್ತಿದ್ದ ಕೈ ಹಾಗೇ ನಿಂತಿತು. ಈ ಒಲೆ ರೋಮ್ ನಗರಕ್ಕೆ ಹೋಗಿ ಬಂದದ್ದು. ಹೊತ್ತುಕೊಂಡು ಹೋಗಿದ್ದವಳು ನಮ್ಮ ಪಕ್ಕದ ಮನೆಯ ಅಕ್ಕ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮಾನ್ವಿಯಿಂದ ರಾಯಚೂರಿಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಅಕ್ಕನ ಗಂಡನಿಗೆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಇತ್ತು. ಓಣಿಗೆಲ್ಲ ಅವರು ಸಾವ್ಕಾರರು. ಅವರೂ ದೇವದುರ್ಗ, ಮಾನ್ವಿ ಕಡೆಯ ಮೂವರು ಹತ್ತಿ ವ್ಯಾಪಾರಿಗಳೂ ಸೇರಿ ರೋಮ್ ನೋಡಲು ಹೊರಟರು. ಆ ಗಂಡಸರ ನಡುವೆ ಅಕ್ಕ ಒಬ್ಬಳೇ ಹೆಂಗಸು. ಏನು ಪಡೆದು ಬಂದಾಳೋ ಎಂದು ಓಣಿಯ ಹೆಂಗಸರು ಕರುಬಿದರು. ನಾನೂ ಕರುಬಿದೆ, ಸುಳ್ಳೇಕೆ ಹೇಳಲಿ. ಅವಳ ಟ್ರಂಕಿನಲ್ಲಿ ಸೀರೆಗಿಂತ ಹೆಚ್ಚಾಗಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ರೊಟ್ಟಿ ಸುಡುವ ಹಂಚು ಇದ್ದದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ತಿರುಗಿ ಬಂದ ಮೇಲೆ ಸಾವ್ಕಾರರ ಪಡಸಾಲೆಯಲ್ಲಿ ದಿನವೂ ಜನ. ಫೋಟೋದ ಆಲ್ಬಮ್ ಕೈಯಿಂದ ಕೈಗೆ ಹೋಗುತ್ತಿತ್ತು. ಗುಮ್ಮಟಗಳು, ಕಾರಂಜಿಗಳು, ಮುರಿದ ಕಂಬಗಳ ಮುಂದೆ ಕೋಟು ತೊಟ್ಟ ನಮ್ಮ ಹತ್ತಿ ವ್ಯಾಪಾರಿಗಳು. ಒಂದರಲ್ಲೂ ಅಕ್ಕ ಇರಲಿಲ್ಲ. ಕೊನೆಯ ಹಾಳೆ ಮಗುಚಿದ ಮೇಲೆ ಸಾವ್ಕಾರರು ತಪ್ಪದೆ ಒಂದು ಕಥೆ ಹೇಳುತ್ತಿದ್ದರು.

“ನಮ್ಮಾಕಿ ಅಲ್ಲಿ ಕಳದಿದ್ಲ್ರೀ. ಪೊಲೀಸನ್ನ ಕರಕೊಂಡು ಊರೆಲ್ಲಾ ಹುಡುಕಿದ್ವಿ. ನೋಡಿದ್ರ ಈಕಿ ಸೇತುವಿ ಮ್ಯಾಲ ನಿಂತಾಳ, ಎಮ್ಮಿ ಕಳಕೊಂಡೋರಂಗ.”

ಪಡಸಾಲೆ ನಗೆಯಿಂದ ತುಂಬಿ ಹೋಗುತ್ತಿತ್ತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ಆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಇಬ್ಬರೂ ಸಂಡಿಗೆ ಇಡುತ್ತಿದ್ದೆವು. ನಾನೇ ತಮಾಷೆಗೆ, ಇಷ್ಟು ದೊಡ್ಡಾಕಿ ಹೆಂಗ ಕಳೆದುಹೋದೆ ಅಕ್ಕ ಎಂದು ಕೆಣಕಿದೆ. ಅವಳು ಕೈಯಲ್ಲಿದ್ದ ಹಿಟ್ಟನ್ನು ಪಾತ್ರೆಗೆ ಹಾಕಿ ಮೆಟ್ಟಿಲ ಕಡೆ ಒಮ್ಮೆ ನೋಡಿದಳು.

“ನಾ ಕಳದಿದ್ದಿಲ್ಲ ತಂಗಿ. ಹೊಳಿ ದಂಡ್ಯಾಗ ಕುಂತಿದ್ದೆ.”

ಆಮೇಲೆ ಒಂದೊಂದಾಗಿ ಹೇಳಿದಳು. ಗಂಡಸರಿಗೆ ಎರಡು ಹೊತ್ತೂ ಬಿಸಿ ರೊಟ್ಟಿಯೇ ಆಗಬೇಕಿತ್ತು. ಹೋಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಈ ಒಲೆ ಹಚ್ಚುವುದು. ತಟ್ಟುವ ಸಪ್ಪಳಕ್ಕೆ ಕೆಳಗಿನ ಕೋಣೆಯವರು ಜಗಳಕ್ಕೆ ಬಂದರೆಂದು, ಹಿಟ್ಟು ನಾದಿ ತಟ್ಟುವ ಮರದ ಕೊಣಮಿಗೆಯ ಕೆಳಗೆ ಕಂಬಳಿ ಮಡಚಿ ಹಾಕುವುದು. ಅವರು ಉಂಡು ಊರು ನೋಡಲು ಹೋದರೆ ಇವಳಿಗೆ ಪಾತ್ರೆ, ಮತ್ತೆ ಸಂಜೆಯ ಅಡುಗೆ. ಕಿಟಕಿ ತೆಗೆದರೆ ಎದುರಿಗೆ ಗೋಡೆ. ತಾನೂ ಬರುತ್ತೇನೆ ಎಂದರೆ ಸಾವ್ಕಾರರು ನಾಳೆ ಎನ್ನುತ್ತಿದ್ದರು. ಕಡೆಯ ದಿನವೂ ನಾಳೆ ಎಂದರು!

ಅಕ್ಕ ಹುಟ್ಟಿದ್ದು ದೇವಸುಗೂರಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಬಂದ ದಿನ ಬಸ್ಸಿನಿಂದ ಒಂದು ಹೊಳೆ ಕಂಡಿದ್ದಳು. ಕಡೆಯ ದಿನ ಅವರೆಲ್ಲ ಹೊರಗೆ ಹೋದ ಮೇಲೆ, ಹಂಚಿನ ಮೇಲಿನ ಕೊನೆಯ ರೊಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೆಳಗಿಳಿದಳಂತೆ. ಇಲ್ಲಿ ಹಣ್ಣಿನ ಅಂಗಡಿ, ಇಲ್ಲಿ ಕಾರಂಜಿ ಎಂದು ಗುರುತು ಇಟ್ಟುಕೊಳ್ಳುತ್ತಾ ನಡೆದು, ಕಲ್ಲಿನ ಮೆಟ್ಟಿಲಿಳಿದು ನೀರಿನ ಪಕ್ಕ ಕುಳಿತಳಂತೆ.

“ಅರ್ಧ ರೊಟ್ಟಿ ಗಂಗವ್ವಗ ಬಿಟ್ಟೆ, ಅರ್ಧ ನಾ ತಿಂದೆ. ಆ ದೇಶದಾಗ ನಾ ಬಿಸಿ ರೊಟ್ಟಿ ತಿಂದದ್ದು ಅದೊಂದ ಸಲ. ಗುಮ್ಮಟ, ಸೇತುವಿ ಎಲ್ಲಾ ಆ ನೀರಾಗ ಕಂಡ್ವು. ಊರು ನಾನೂ ನೋಡೀನಿ ತಂಗಿ.”

ಹೋಟೆಲಿಗೆ ತಿರುಗಿ ಬರುವಾಗ ಸೇತುವೆಯ ಮೇಲೆ ಗಂಡ ಎದುರಾದರು, ಜೊತೆಗೆ ಪೊಲೀಸ್. ಅವರ ಮೋರೆ ಕಂಡೇ ಇವಳ ಜೀವ ಹಾರಿತು. ಊರು ನೋಡಲು ಹೋಗಿದ್ದೆ ಎಂದರೆ ಅಲ್ಲೇ ಕೈ ಎತ್ತುತ್ತಿದ್ದರು. ದಾರಿ ತಿಳಿಯಲಿಲ್ಲ ಎಂದಳು. ಅವರು ನಕ್ಕುಬಿಟ್ಟರು. ಬದುಕಿದೆಯಾ ಬಡಜೀವವೇ ಎಂದು ಇವಳೂ ನಕ್ಕಳು.

ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ. ಆದರೆ ನೋಡಿದ್ದನ್ನು ಒಮ್ಮೆಯಾದರೂ ಮಂದಿಯ ಮುಂದೆ ಹೇಳಬೇಕು ಎಂಬುದು ಅವಳನ್ನು ಒಳಗೇ ತಿನ್ನುತ್ತಿತ್ತು. ಒಂದು ಸಂಜೆ ಬೀಗರು ಆಲ್ಬಮ್ ನೋಡುತ್ತಿದ್ದರು. ಚಹಾದ ತಟ್ಟೆ ಕೆಳಗಿಟ್ಟು, ಅಲ್ಲಿಯ ಹೊಳೆ ನಮ್ಮ ಕೃಷ್ಣೆಗಿಂತ ಸಣ್ಣದು ಎಂದು ಮೆಲ್ಲಗೆ ಶುರು ಮಾಡಿದಳು. ಬಾಗಿಲ ಬಳಿ ನಿಂತಿದ್ದ ನಾನು ಒಂದು ಹೆಜ್ಜೆ ಒಳಗಿಟ್ಟೆ.

“ಹೊಳಿ ನೀ ಎಲ್ಲಿ ನೋಡಿದಿ?” ಎಂದರು ಸಾವ್ಕಾರರು. “ನೀ ಕಳದ ಕಥಿ ಹೇಳು, ಬೀಗರು ಕೇಳ್ಲಿ.”

ಅಕ್ಕ ನನ್ನ ಕಡೆ ನೋಡಲಿಲ್ಲ. ತಟ್ಟೆ ಎತ್ತಿಕೊಂಡು, ಹೌದ್ರೀ, ದಾರಿನ ತಿಳೀಲಿಲ್ಲ ಎಂದಳು. ಎಲ್ಲರೂ ನಕ್ಕರು. ಆ ವಾರವೇ ಒಲೆಯನ್ನು ನನ್ನ ಮನೆಗೆ ತಂದಿಟ್ಟು, ಇದು ನನ್ನ ಕಣ್ಣ ಮುಂದೆ ಬೇಡ ಎಂದಳು. ಆಮೇಲಾಮೇಲೆ ಆ ಕಥೆಯನ್ನು ಅವಳೇ ಹೇಳತೊಡಗಿದಳು. ಸೇತುವೆಯ ಮೇಲೆ ಹೇಗೆ ಪಿಳಿಪಿಳಿ ನೋಡುತ್ತಾ ನಿಂತಿದ್ದೆ ಎಂದು ಅಭಿನಯಿಸಿ ಗಂಡನಿಗಿಂತ ಚೆನ್ನಾಗಿ ನಗಿಸುತ್ತಿದ್ದಳು... ನನಗೆ ನೋಡಲಾಗದೆ ಎದ್ದು ಬರುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಒಂದು ದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವಳ ಮನಸ್ಸಿಗೆ ಹಿತವಾಗಲಿ ಎಂದು, ಆ ಹೊಳೆಯ ಸುದ್ದಿ ಹೇಳಕ್ಕ ಎಂದು ಕೇಳಿದೆ.

“ಯಾವ ಹೊಳಿ?” ಎಂದಳು. “ನಾ ಅಲ್ಲಿ ಕಳದಿದ್ದೆನಲ್ಲ ತಂಗಿ.”

ನಿಜವಾಗಿ ಮರೆತಿದ್ದಳೋ, ನನಗೂ ಹೇಳುವುದು ಬೇಡವೆನಿಸಿತ್ತೋ, ಇವತ್ತಿಗೂ ತಿಳಿಯದು. ಅದಾಗಿ ಹೆಚ್ಚು ದಿನ ಉಳಿಯಲಿಲ್ಲ.

ಒಲೆ ಇನ್ನೂ ಕೆಳಗೇ ಇತ್ತು. ನಿನ್ನೆ ಅವಳ ಹಿರಿಯ ಮಗ ತನ್ನ ಮಗಳ ಮದುವೆಗೆ ಕರೆಯಲು ಬಂದ. ಈಗ ಅವನಿಗೂ ತಲೆ ನೆರೆತಿದೆ. ಮಾತಿಗೆ ಮಾತು ಬಂದು, ಅವ್ವ ರೋಮ್‌ನಲ್ಲಿ ಕಳೆದುಹೋದ ಕಥೆ ತೆಗೆದು ನಗತೊಡಗಿದ. ನನಗೆ ತಡೆಯಲಾಗಲಿಲ್ಲ. ನಿಮ್ಮವ್ವ ಕಳೆದಿರಲಿಲ್ಲಪ್ಪಾ, ಊರು ನೋಡಲು ತಾನೇ ಹೋಗಿದ್ದಳು ಎಂದು ಎಲ್ಲವನ್ನೂ ಹೇಳಿದೆ. ಅವನು ಪ್ರೀತಿಯಿಂದಲೇ ನನ್ನ ಕೈ ಹಿಡಿದುಕೊಂಡ.

“ಏನ್ ಹೇಳ್ತೀಯವ್ವಾ ಚಿಗವ್ವ. ಅವ್ವನ ಬಾಯಿಲೇ ಕೇಳೀವಲ್ಲ ನಾವು.”

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಅಕ್ಕ ಸತ್ತ ದಿನ ಬಾರದಿದ್ದ ಅಳು ನಿನ್ನೆ ಬಂತು.