ಮುಂದಿನ ತಿಂಗಳ ತಮ್ಮ

ನನ್ನ ತಮ್ಮ ಕಟ್ಟಡಗಳ ನೀರಿನ ಟ್ಯಾಂಕ್ ತೊಳೆಯುವವನು. ಅವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ, ಅದೇ ನನ್ನ ಹೊಟ್ಟೆಯುರಿ. ಬ್ರಷ್ಷು, ಗಮ್‌ಬೂಟು, ಬ್ಲೀಚಿಂಗ್ ಪುಡಿ ಎಲ್ಲವನ್ನೂ ವಾರ ಮೊದಲೇ ತಂದು ಒಪ್ಪವಾಗಿ ಜೋಡಿಸಿಡುತ್ತಾನೆ. ಪ್ರತಿ ಟ್ಯಾಂಕಿನ ಪಕ್ಕ ಒಂದು ಕಾರ್ಡು ತೂಗುತ್ತದೆ. ತೊಳೆದ ತಿಂಗಳ ಎದುರು ಸಹಿ ಹಾಕಬೇಕು. ನಮ್ಮ ಕಟ್ಟಡದ ಕಾರ್ಡಿಗೆ ಅವನು ಇಡೀ ವರ್ಷದ ಸಹಿಯನ್ನು ಜನವರಿಯಲ್ಲೇ ಗೀಚಿ ಮುಗಿಸಿದ್ದ.

"ಹೇಗಿದ್ರೂ ತೊಳೀತೀನಲ್ಲಕ್ಕ, ಪ್ರತಿ ಸಲ ಪೆನ್ನು ಹುಡುಕೋದ್ಯಾಕೆ?" ಎಂದಿದ್ದ. ಅವನಿಗೆ ಇಲ್ಲಿ ಕೆಲಸ ಕೊಡಿಸಿದ ಮಹಾತಾಯಿ ನಾನು, ಹಲ್ಲು ಕಿರಿದೆ.

ಅವನ ತಲೆಯೊಳಗೆ ಇನ್ನೊಬ್ಬ ತಮ್ಮನಿದ್ದಾನೆ, ಮುಂದಿನ ತಿಂಗಳವನು. ಆ ಪುಣ್ಯಾತ್ಮನಿಗೆ ಮಂಡಿ ನೋಯುವುದಿಲ್ಲ, ಬೇಸರ ಬರುವುದಿಲ್ಲ, ಏಣಿ ಕಂಡರೆ ಹಿಗ್ಗು. ಎಲ್ಲ ಕೆಲಸವನ್ನೂ ಅವನ ತಲೆಗೆ ಕಟ್ಟಿ ಇವನು ಹಾಯಾಗಿ ಕಾಲು ಚಾಚುತ್ತಾನೆ. ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಸೆಪ್ಟೆಂಬರಿನಲ್ಲಿ ನನ್ನ ಮಗಳಿಗೆ ಟೈಫಾಯ್ಡ್ ಬಂತು. ಹನ್ನೊಂದು ದಿನ ಆಸ್ಪತ್ರೆ. ಮನೆಗೆ ಕಳಿಸುವ ದಿನ ಬೆಳಗ್ಗೆ ಡಾಕ್ಟರಮ್ಮ, "ಮನೇಲಿ ನೀರು ಹೇಗಿದೆ?" ಎಂದು ಕೇಳಿದರು. ನಾನು ನೇರ ಮನೆಗೆ ಬಂದು ತಾರಸಿ ಹತ್ತಿ ಟ್ಯಾಂಕಿನ ಮುಚ್ಚಳ ಎತ್ತಿದೆ. ಮೇಲೆ ಪಾರಿವಾಳದ ಪುಕ್ಕ, ಗೋಡೆಗೆ ಲೋಳೆ. ಕೊಳೆತ ವಾಸನೆ. ಸಂಜೆ ಐದಕ್ಕೆ ಮಗಳು ಇದೇ ನೀರಿಗೆ ವಾಪಸು ಬರಬೇಕಿತ್ತು.

ಫೋನು ಮಾಡಿದೆ, ತಮ್ಮ ಓಡಿ ಬಂದ. ಇಣುಕಿ ನೋಡಿ ಗೊಳೋ ಎಂದು ಅತ್ತ. "ತಪ್ಪಾಯ್ತಕ್ಕ. ನಾಳೆ ಬೆಳಗ್ಗೆ ಮೊದಲನೇ ಕೆಲಸ ಇದೇ."

"ಅವಳು ಸಂಜೆ ಬರ್ತಾಳೆ ಕಣೋ. ಈಗ ಇಳಿ."

"ಈಗ ಮಂಡಿ ಹಿಡ್ಕೊಂಡಿದೆ. ನಾಳೆ ನೋಡು, ಕನ್ನಡಿ ಥರ ಮಾಡ್ತೀನಿ."

ವಾಲ್ವ್ ತಿರುಗಿಸಿ ನೀರು ಹೊರಬಿಟ್ಟು ನಾನೇ ಇಳಿದೆ. ಮೀನಖಂಡದವರೆಗೆ ಕೆಸರು. ಅವನು ಟ್ಯಾಂಕಿನ ಅಂಚಿನಲ್ಲಿ ಕೂತು ಬಕೆಟ್ ಈಸಿಕೊಳ್ಳುತ್ತ, ಇನ್ನು ಮೇಲೆ ಹದಿನೈದು ದಿನಕ್ಕೊಮ್ಮೆ ತೊಳೆಯುವ ಯೋಜನೆ ವಿವರಿಸಿದ. ಮೇಲೆ ಬಂದು ಅವನ ಕಣ್ಣಿನಲ್ಲಿ ಸುಳ್ಳು ಹುಡುಕಿದೆ. ಇರಲಿಲ್ಲ. ಸುಳ್ಳಾಗಿದ್ದರೆ ಕೆನ್ನೆಗೆರಡು ಬಾರಿಸಿ ಹಗುರಾಗುತ್ತಿದ್ದೆ. ಒಂದೊಂದು ಮಾತನ್ನೂ ನಂಬಿ ಹೇಳುತ್ತಿದ್ದ. ನನಗೆ ಹೇಸಿಗೆಯಾಯಿತು, ಕೆಸರಿಗಿಂತ ಹೆಚ್ಚು.

"ಇನ್ಮೇಲೆ ಈ ಕಟ್ಟಡಕ್ಕೆ ಕಾಲಿಡಬೇಡ" ಎಂದೆ.

ಕಣ್ಣೊರೆಸಿಕೊಂಡು, ಪ್ರೀತಿಯಿಂದಲೇ ನಕ್ಕ.

"ಇವತ್ತು ಕೋಪದಲ್ಲಿದ್ದೀಯ ಬಿಡು. ಮುಂದಿನ ತಿಂಗಳು ನೀನೇ ಕರೀತೀಯ."