ಗೂಡಿಗೆ ದಿಂಬಿನ ಬಟ್ಟೆ ಕಟ್ಟಿದಾಕೆ

ನಸುಕಿನ ಫಜರ್ ನಮಾಜು ಮುಗಿದು ಇನ್ನೂ ಅರ್ಧ ಗಂಟೆಯಾಗಿಲ್ಲ. ಚಿಬಾಯಿಶ್ ಊರಿನ ಜೌಗಿನ ನೀರು ಕೆನೆಗಟ್ಟಿದ ಹಾಲಿನಂತೆ ಅಲ್ಲಾಡದೆ ಬಿದ್ದಿದೆ. ಮಶ್ಹೂಫ್ ದೋಣಿಯ ತುದಿಯಲ್ಲಿ ಬರಿಗಾಲಲ್ಲಿ ನಿಂತ ನಶ್ಮಿಯಾ ಉದ್ದನೆಯ ಗಳವನ್ನು ಕೆಸರಿಗೂರಿ ನೂಕುತ್ತಾರೆ. ದೋಣಿಯಲ್ಲಿ ರಬಾಬ್ ಟೀಚರು, ಐವರು ಶಾಲಾ ಹುಡುಗಿಯರು, ಕೋಲಿನ ತುದಿಗೆ ಕಟ್ಟಿದ ಒಂದು ಕನ್ನಡಿ. ಬೆನ್ನ ಹಿಂದೆ ನಾಲ್ಕು ದೋಣಿ; ಅವುಗಳಲ್ಲಿ ಮೇವು ಕೊಯ್ಯುವ ಎಂಟು ಜನ, ಎಂಟು ಕುಡುಗೋಲು.

ಇವತ್ತು ತೀರ್ಮಾನದ ದಿನ. ಅಬು ಸುಬೂರ್ ಮಡುವಿನ ಜೊಂಡಿನಲ್ಲಿ ಉಲಿಯಕ್ಕಿ ಎಂಬ ಪುಟ್ಟ ಹಕ್ಕಿಗಳು ಗೂಡು ಕಟ್ಟಿವೆ. ಮರಿಗಳು ಹಾರುವ ತನಕ ಅಲ್ಲಿ ಮೇವು ಕೊಯ್ಯುವುದಿಲ್ಲ ಎಂದು ಕೊಯ್ಯುವವರ ಹಿರಿಯ ಹಾಜಿ ಶನಾವಾ ಮಾತು ಕೊಟ್ಟಿದ್ದರು. ಅವರು ನಶ್ಮಿಯಾರ ಗಂಡನ ಅಣ್ಣ. ನಿನ್ನೆ ಸಂಜೆ, "ಹಕ್ಕಿ ಎಲ್ಲ ಹಾರಿಹೋದ್ವು. ಎಮ್ಮೆ ಹಸಿದಿವೆ, ನಾಳೆ ಕೊಯ್ತೀವಿ" ಎಂದುಬಿಟ್ಟರು.

"ಒಂದೇ ಒಂದು ಗೂಡಲ್ಲಿ ಮರಿ ಇದ್ರೂ ದೋಣಿ ತಿರುಗಿಸ್ತೀರಾ, ಭಾವ?"

"ಒಂದಿದ್ರೂ ತಿರುಗಿಸ್ತೀನಿ. ಇಲ್ದಿದ್ರೆ ಮೊದಲನೇ ಹೊರೆ ನೀನೇ ಕಟ್ಟಬೇಕು."

ಸರ್ಕಾರ ಈ ಜೌಗನ್ನು ಬತ್ತಿಸಿದ ವರ್ಷ ನಶ್ಮಿಯಾ ಹದಿನೈದರ ಹುಡುಗಿ. ಆಮೇಲೆ ಹನ್ನೊಂದು ವರ್ಷ ಕೂತ್ ನಗರದ ಕಡೆಯ ಇಟ್ಟಿಗೆ ಭಟ್ಟಿಯಲ್ಲಿ ದುಡಿದರು. "ನೀರು ವಾಪಸ್ ಬಂದಾಗ ನಮಗಿಂತ ಮುಂಚೆ ಬಂದಿದ್ದು ಈ ಹಕ್ಕಿ. ಜೊಂಡಲ್ಲಿ ಅದರ ದನಿ ಕೇಳ್ತು. ಆಗಲೇ ನಮ್ಮೂರು ಸತ್ತಿಲ್ಲ ಅನ್ನೋದು ನನಗೆ ಖಾತ್ರಿಯಾಯ್ತು" ಎನ್ನುತ್ತಾರೆ. ಈಗ ಅವರ ಬಳಿ ಒಂಬತ್ತು ಎಮ್ಮೆಗಳಿವೆ. ಬೆಳಕು ಹರಿಯುವ ಮುಂಚೆ ಹಾಲು ಕರೆದು, ಗೇಮರ್ ಎಂಬ ಗಟ್ಟಿ ಕೆನೆಯನ್ನು ಸಂತೆಗೆ ಕಳಿಸಿ ಗೂಡುಗಳ ಸುತ್ತು ಹೊರಡುತ್ತಾರೆ. ಗುರುವಾರಗಳಲ್ಲಿ ಶಾಲೆಯೇ ಅವರ ದೋಣಿ ಹತ್ತುತ್ತದೆ. ಒಬ್ಬೊಬ್ಬ ಹುಡುಗಿಗೆ ಒಂದೊಂದು ಗೂಡು. ಮೊಟ್ಟೆ ಎಷ್ಟು, ಮರಿ ಎಷ್ಟು, ನೀರು ಎಷ್ಟು ಇಳಿಯಿತು ಎಂದು ಬರೆದಿಡಬೇಕು. ಈ ಕಾವಲಿಗೆ ನಶ್ಮಿಯಾಗೆ ಸಂಬಳವಿಲ್ಲ, ಗುರುತಿನ ಚೀಟಿಯೂ ಇಲ್ಲ.

ಹೋದ ವರ್ಷದ ಎಡವಟ್ಟಿನ ಮಾತೆತ್ತಿದರೆ ನಶ್ಮಿಯಾ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿ ನಗುತ್ತಾರೆ. ಗೂಡುಗಳ ಗುರುತಿಗೆಂದು ಜೊಂಡಿಗೆ ಹಸಿರು ಬಟ್ಟೆಯ ಪಟ್ಟಿ ಕಟ್ಟಿದ್ದರು. ಹಸಿರು ಬಟ್ಟೆ ಕಂಡರೆ ಇಲ್ಲಿ ಯಾರು ಸುಮ್ಮನಿರುತ್ತಾರೆ? ನೀರಿನಡಿ ಯಾರೋ ಪುಣ್ಯಪುರುಷ ಸಯ್ಯದರ ಸಮಾಧಿ ಇದೆಯೆಂದು ವಾರದೊಳಗೆ ಸುದ್ದಿ ಹಬ್ಬಿತು. ದೋಣಿ ದೋಣಿ ಹೆಂಗಸರು ಮೇಣದಬತ್ತಿ ಹಿಡಿದು, ಮಿಠಾಯಿ ಎರಚಿ, ಹರಕೆಯ ಗಂಟು ಕಟ್ಟತೊಡಗಿದರು. ಗದ್ದಲಕ್ಕೆ ಬೆದರಿ ಎಷ್ಟೋ ಹಕ್ಕಿಗಳು ಮೊಟ್ಟೆ ಬಿಟ್ಟು ಓಡಿದವು.

ಆದರೆ ಕುಡುಗೋಲು ಮಾತ್ರ ಒಂದೂ ಅತ್ತ ಸುಳಿಯಲಿಲ್ಲ. "ಬಾಯಿ ಮುಚ್ಕೊಂಡಿರು. ಸಯ್ಯದರ ಜೊಂಡಿಗೆ ಯಾರೂ ಕೈ ಹಾಕಲ್ಲ" ಎಂದು ಅಕ್ಕಪಕ್ಕದವರು ಬುದ್ಧಿ ಹೇಳಿದರು. ನಶ್ಮಿಯಾಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಶುಕ್ರವಾರ ದೋಣಿಗಳ ನಡುವೆ ನಿಂತು ಹೇಳಿಯೇಬಿಟ್ಟರು: "ಇಲ್ಲಿ ಯಾವ ಸಯ್ಯದರೂ ಮಲಗಿಲ್ಲ ಕಣ್ರಮ್ಮಾ. ಆ ಬಟ್ಟೆ ನನ್ನ ದಿಂಬಿನ ಚೀಲದ್ದು!"

"ನನ್ನ ಸೊಸೆ ಬಸುರಿ ಆಗಿದಾಳೆ. ಅದು ನಿನ್ನ ದಿಂಬಿನ ಮಹಿಮೆಯಾ?" ಮುದುಕಿಯೊಬ್ಬಳು ರೇಗಿದಳು.

"ಕೊಟ್ಟೋನು ಅಲ್ಲಾಹ್, ಅಮ್ಮಾ. ದಿಂಬಿಗೆ ಯಾಕೆ ಶಹಬ್ಬಾಸ್‌ಗಿರಿ?"

ನಿಜಕ್ಕೆ ಬೆಲೆ ತೆರಬೇಕಾಯಿತು. ಎರಡೇ ದಿನದಲ್ಲಿ ಕೊಯ್ಯುವವರು ಇಡೀ ಮಡುವನ್ನು ಬೋಳಿಸಿದರು. ಉಳಿದಿದ್ದ ಹದಿನಾಲ್ಕು ಗೂಡುಗಳೂ ಎಮ್ಮೆಯ ಮೇವಿನ ಜೊತೆ ಹೋದವು. "ಅಳು ಬಂತು. ಆದ್ರೆ ಸುಳ್ಳು ಸಮಾಧಿ ಕಾಯೋಕೆ ನನ್ನಿಂದ ಆಗ್ತಿರಲಿಲ್ಲ" ಎನ್ನುತ್ತಾರೆ. ಈ ವರ್ಷ ಕಟ್ಟಿದ್ದು ಹಿಟ್ಟಿನ ಚೀಲದ ಬಿಳಿ ಪಟ್ಟಿ. ಮೂವತ್ತೊಂದು ಗೂಡು. ಭಾವನ ಮನೆಬಾಗಿಲಿಗೆ ಏಳು ಸಲ ಹೋಗಿ ಗಿಟ್ಟಿಸಿದ ಮಾತು.

ಮೊದಲನೆಯ ಗೂಡು. ಹುಡುಗಿಯೊಬ್ಬಳು ಕನ್ನಡಿಯ ಕೋಲನ್ನು ಮೆಲ್ಲಗೆ ಗೂಡಿನ ಮೇಲಕ್ಕೆತ್ತುತ್ತಾಳೆ. "ಖಾಲಿ!" ಮರಿಗಳು ಹಾರಿವೆ. ನಶ್ಮಿಯಾರ ಮುಖ ಅರಳುತ್ತದೆ, ಮರುಕ್ಷಣ ಬಾಡುತ್ತದೆ. ಎರಡನೆಯದೂ ಖಾಲಿ. ಹತ್ತು, ಹದಿನೈದು, ಇಪ್ಪತ್ತು. ಹುಡುಗಿಯರು ಪದ್ಯ ಒಪ್ಪಿಸುವಂತೆ ರಾಗವಾಗಿ ಎಣಿಸುತ್ತಾರೆ: "ಇಪ್ಪತ್ತೊಂದು ಹಾರಿತು, ಇಪ್ಪತ್ತೆರಡು ಹಾರಿತು..."

"ಹೊರೆ ಕಟ್ಟೋಕೆ ಹಗ್ಗ ತಂದಿದ್ದೀಯಾ, ಉಮ್ಮ್ ಜಬ್ಬಾರ್?" ಹಿಂದಿನ ದೋಣಿಯಿಂದ ಹಾಜಿ, ನಶ್ಮಿಯಾರನ್ನು ಮಗನ ಹೆಸರಿನಿಂದ ಕರೆದು ಕೆಣಕುತ್ತಾರೆ.

"ತಂದಿದ್ದೀನಿ ಭಾವ. ನಿಮ್ಮ ಬಾಯಿ ಕಟ್ಟೋಕೂ ಸಾಲುತ್ತೆ!"

ಎಂಟೂ ಜನ ಗೊಳ್ಳನೆ ನಗುತ್ತಾರೆ. ಮೂವತ್ತೂ ಖಾಲಿ. ಉಳಿದದ್ದು ಒಂದೇ, ಹನ್ನೊಂದು ವರ್ಷದ ಹಸ್ನಾಳ ಗೂಡು. ಅವಳು ಕೋಲೆತ್ತಿದಾಗ ಕನ್ನಡಿಯಲ್ಲಿ ಮೊದಲು ಆಕಾಶ ಕುಣಿಯುತ್ತದೆ. ನಶ್ಮಿಯಾ ಗಳವನ್ನು ಎದೆಗೆ ಅವಚಿಕೊಂಡು ಕಣ್ಣು ಮುಚ್ಚಿದ್ದಾರೆ. ತುಟಿ ಮಾತ್ರ ಅಲುಗುತ್ತಿದೆ.

"ಬಾಯಿ!" ಹಸ್ನಾ ಕಿರುಚುತ್ತಾಳೆ. "ಮೂರು ಬಾಯಿ! ಹಳದಿ ಬಾಯಿ!"

ಹಾಜಿಗೆ ನಂಬಿಕೆಯಿಲ್ಲ. ದೋಣಿಯನ್ನು ಪಕ್ಕಕ್ಕೆ ತಂದು ತಾವೇ ಕೋಲು ಹಿಡಿಯುತ್ತಾರೆ. ಕನ್ನಡಿಯಲ್ಲಿ ಬಡಕಲು ಕತ್ತಿನ ಮೂರು ಮರಿಗಳು ಬಾಯಿ ತೆರೆದು ಅವರತ್ತಲೇ ಚಾಚುತ್ತವೆ. ಜೊಂಡಿನ ನಡುವೆಯೇ ಹುಟ್ಟಿ ಬೆಳೆದ, ಅರವತ್ತೆಂಟರ ಮನುಷ್ಯ ಈವರೆಗೆ ಗೂಡಿನ ಒಳಗನ್ನು ಕಂಡವರಲ್ಲ. ಕೋಲು ಕೆಳಗಿಳಿಯುವುದೇ ಇಲ್ಲ.

"ಸುಬ್‌ಹಾನಲ್ಲಾಹ್... ನಮ್ಮನೇಲಿ ಹನ್ನೊಂದು ಬಾಯಿ ಇವೆ ಕಣೇ. ನನ್ನ ಮನೆಗೆ ಒಂದು ಚಿಂದೀನೂ ಕಟ್ಟಲಿಲ್ಲವಲ್ಲ ನೀನು!" ಆಮೇಲೆ ಹಿಂದಿರುಗಿ ಗದರುತ್ತಾರೆ: "ಏನ್ ನೋಡ್ತಿದ್ದೀರೋ? ದೋಣಿ ತಿರುಗಿಸಿ. ಬಡಗಣ ಮಡುವಿಗೆ ನಡೀರಿ. ಸದ್ದು ಮಾಡಬೇಡಿ!"

ಹುಡುಗಿಯರು ಕೇಕೆ ಹಾಕಲು ಬಾಯಿ ತೆರೆದವರು ಟೀಚರ ಕಣ್ಣಿಗೆ ಹೆದರಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಲ್ಲೇ ಕುಣಿಯುತ್ತಾರೆ. ದೋಣಿ ತೊಯ್ದಾಡುತ್ತದೆ. ನಶ್ಮಿಯಾ ಕಣ್ಣೊರೆಸಿಕೊಂಡು, ಸಡಿಲವಾಗಿದ್ದ ಬಿಳಿ ಪಟ್ಟಿಯ ಗಂಟನ್ನು ಬಿಗಿಮಾಡುತ್ತಾರೆ.

"ದಿಂಬಿನ ಚೀಲ ಹೋಯ್ತು, ಹಿಟ್ಟಿನ ಚೀಲ ಮೂರು ಹೋದ್ವು. ಬಟ್ಟೆ ಕಟ್ಟದೇನೇ ಕುಡುಗೋಲು ನಿಲ್ಲೋ ವರ್ಷ ಒಂದು ಬರಲಿ. ಆವತ್ತು ನನಗೊಂದು ಹೊಸ ದಿಂಬು ಹೊಲ್ಕೊಂಡು ಮಲಗ್ತೀನಿ."